ಮುಂಡೆ ಹೊಲದ ದ್ರಾಕ್ಷಾರಸ

ನನ್ನ ಗಂಡ ತೀರಿಕೊಂಡದ್ದು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದ್ದ ಒಂದು ಸಣ್ಣ ಮಿಷನ್ ಆಸ್ಪತ್ರೆಯಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಸಾರಾಯಿ ಪಾಕೀಟು ಆಗ ಬೆಂಕಿಪೊಟ್ಟಣದಷ್ಟೇ ಸುಲಭವಾಗಿ ಸಿಗುತ್ತಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಮುಂದೆ ಹಗಲೂ ರಾತ್ರಿ ಬೆಂಕಿ ಕಾಯುತ್ತ ಕೂರುವ ಗಂಡಸರು ಅದನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಕುಡಿಯುತ್ತಿದ್ದರು. ನನ್ನವನೂ ಹಾಗೇ ಶುರುಮಾಡಿದವನು. ಕೊನೆಗೆ ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿ, ಹೊಟ್ಟೆ ತುಂಬು ಬಸುರಿಯ ಹಾಗೆ ಊದಿಕೊಂಡು, ನನ್ನ ಕೈ ಹಿಡಿದುಕೊಂಡೇ ಹೋದ. ಒಳ್ಳೆಯವನಾಗಿದ್ದ. ಕುಡಿಯದೆ ಇದ್ದಾಗ ಎತ್ತಿಗೂ ಜೋರಾಗಿ ಗದರುತ್ತಿರಲಿಲ್ಲ.

ಮಕ್ಕಳಿರಲಿಲ್ಲ. ಗಾವಡಗೆರೆ ಹತ್ತಿರದ ತವರಿಗೆ ವಾಪಸು ಬಂದೆ. ತಿಂಗಳು ಕಳೆಯುವುದರೊಳಗೆ ಆಸ್ಪತ್ರೆಯಿಂದ ಹೇಳಿಕಳಿಸಿದರು. ಹೆರಿಗೆ ಕೋಣೆಯ ಕೆಲಸಕ್ಕೆ ಒಬ್ಬರು ಬೇಕು, ಆಸೆಯಿದ್ದರೆ ಬರಬಹುದು ಎಂದು. ಅವ್ವ ಒಪ್ಪಲಿಲ್ಲ.

"ಗಂಡ ಸತ್ ಜಾಗಕ್ಕೆ ಕೆಲ್ಸಕ್ಕೋಯ್ತೀಯಾ? ಅದೂ ಕಿರಸ್ತಾನ್ರು ಆಸ್ಪತ್ರೆಗೆ? ಜನ ಏನಂದಾರು?" ಎಂದಳು.

"ಜನ ಈಗ್ಲೇ ಅಂತಾವ್ರಲ್ಲವ್ವ," ಎಂದೆ. ನಿಜವೇ ಆಗಿತ್ತು. ಬೆಳಿಗ್ಗೆ ನೀರಿಗೆ ಹೋದರೆ, ಎದುರಿಗೆ ಬಂದವರು ಮುಖ ತಿರುಗಿಸಿ "ಮುಂಡೆ ಎದುರಾದ್ಳು" ಎಂದು ಉಗಿದು ಹೋಗುತ್ತಿದ್ದರು. ಅದಕ್ಕಿಂತ ರಕ್ತ ತೊಳೆಯುವುದು ಮೇಲು ಅನ್ನಿಸಿ ಹೊರಟುಬಿಟ್ಟೆ.

ಆ ಆಸ್ಪತ್ರೆಯನ್ನು ನಡೆಸುತ್ತಿದ್ದವರು ಇಟಲಿಯ ಒಬ್ಬ ಸನ್ಯಾಸಿನಿ. ಸುತ್ತಲಿನ ಊರಿನವರೆಲ್ಲ ಸಿಸ್ಟರಮ್ಮ ಎನ್ನುತ್ತಿದ್ದರು. ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿತ್ತು, ಕೈಗಳು ಮಾತ್ರ ಗದ್ದೆ ಕೆಲಸದವರ ಕೈಗಳ ಹಾಗೆ ದಪ್ಪ ಗೆಣ್ಣಿನವು. ಚಿಕ್ಕ ವಯಸ್ಸಿಗೇ ಹಡಗು ಹತ್ತಿ ಬಂದವರಂತೆ. ಕನ್ನಡ ಕಲಿತದ್ದು ಪುಸ್ತಕದಿಂದಲ್ಲ, ಹೆರಿಗೆಗೆ ಬಂದ ಹೆಂಗಸರ ಬಾಯಿಂದ. ಹಾಗಾಗಿ ನಮಗಿಂತ ಹಳ್ಳಿಯಾಗಿ ಮಾತಾಡುತ್ತಿದ್ದರು. ಹೆದರಿದ ಬಸುರಿಯ ತಲೆ ನೇವರಿಸಿ, "ಸುಮ್ಕಿರವ್ವ, ಏನೂ ಆಗಕಿಲ್ಲ ಬುಡು" ಎಂದು ಆ ಬಿಳೀ ಹೆಂಗಸು ಹೇಳಿದರೆ, ನೋವಿನಲ್ಲೂ ಕೆಲವರು ನಕ್ಕುಬಿಡುತ್ತಿದ್ದರು.

ಎರಡನೆಯ ವರ್ಷದ ಮಳೆಗಾಲದಲ್ಲಿ ಅವರ ಕೋಣೆಯ ಬೀರುವಿಗೆ ಗೆದ್ದಲು ಹತ್ತಿತು. ಸಾಮಾನೆಲ್ಲ ಹೊರಗೆ ತೆಗೆದು ಒರೆಸುವಂತೆ ನನಗೆ ಹೇಳಿದ್ದರು. ಎರಡು ಜೊತೆ ಬಟ್ಟೆ, ಒಂದು ಜಪಸರ, ಮಾಸಿದ ಒಂದು ಫೋಟೊ, ಅಷ್ಟೇ ಆಸ್ತಿ. ಕೆಳಗಿನ ಅರೆಯಲ್ಲಿ ಹಳೆಯ ಉಣ್ಣೆಯ ಶಾಲಿನಲ್ಲಿ ಏನೋ ಸುತ್ತಿಟ್ಟಿತ್ತು. ಬಿಚ್ಚಿದರೆ ಕರ್ರಗಿನ ಗಾಜಿನ ಬಾಟ್ಲಿ. ಬಿರಡೆ ತೆಗೆದಿರಲಿಲ್ಲ. ಓದಲು ಬಾರದ ಅಕ್ಷರದ ಚೀಟಿ ಅಂಟಿತ್ತು. ಓದಲು ಬಾರದಿದ್ದರೇನು, ಬಾಟ್ಲಿ ಯಾವುದರದು ಅಂತ ಗೊತ್ತಾಗದೆ ಇರುತ್ತದೆಯೇ? ಗಂಡ ಕುಡಿದು ಸತ್ತವಳು ನಾನು.

ಅದೇ ಬೆಳಿಗ್ಗೆ ಕುಡಿದು ಹೊಟ್ಟೆ ಊದಿಕೊಂಡ ಒಬ್ಬನನ್ನು ಕಂಬಳಿಯಲ್ಲಿ ಹೊತ್ತು ತಂದಿದ್ದರು. ಅವನ ಹೆಂಡತಿ ವೆರಾಂಡದ ಕಂಬಕ್ಕೆ ಒರಗಿ ಕೂತಿದ್ದಳು, ನಾನು ಹಿಂದೊಮ್ಮೆ ಕೂತ ಜಾಗದಲ್ಲೇ. ನನಗೆ ಮೈಯೆಲ್ಲ ಉರಿದುಹೋಯಿತು. ಬಾಟ್ಲಿ ಹಿಡಿದುಕೊಂಡು ಸೀದಾ ಸಿಸ್ಟರಮ್ಮನ ಮುಂದೆ ನಿಂತೆ. ಅವರು ವೆರಾಂಡದ ಇನ್ನೊಂದು ತುದಿಯಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಏನ್ ಸಿಸ್ಟರಮ್ಮ ಇದು?"

ತಲೆಯೆತ್ತಿ ನೋಡಿದರು. ಮುಚ್ಚಿಡಲು ಹೋಗಲಿಲ್ಲ. "ವೈನು ಕಣವ್ವ. ದ್ರಾಕ್ಷಾರಸ. ನಮ್ಮೂರುದ್ದು."

"ಬೆಳಿಗ್ಗೆ ಆ ಮನ್ಸುನ್ಗೆ ಕುಡೀಬ್ಯಾಡ ಕುಡೀಬ್ಯಾಡ ಅಂತ ಬೈದ್ರಲ್ಲ. ನೀವು ನೋಡುದ್ರೆ ಬೀರುವಿನಲ್ಲಿ ಮಡಿಕಂಡಿದ್ದೀರಿ. ನಮ್ಮೋರು ಕುಡುದ್ರೆ ವಿಷ, ನಿಮ್ಮೋರು ಕುಡುದ್ರೆ ಪ್ರಸಾದವಾ?"

ಅಷ್ಟು ಜೋರಾಗಿ ಅವರ ಎದುರು ಯಾರೂ ಮಾತಾಡಿರಲಿಲ್ಲ. ಕೆಲಸ ಹೋಯಿತು ಅಂದುಕೊಂಡೆ. ಅವರು ಮೊರ ಕೆಳಗಿಟ್ಟು, ಪಕ್ಕದ ಜಾಗ ಒರೆಸಿ, "ಕೂತ್ಕೊ" ಎಂದರು. "ನೀನ್ ಕೇಳಾದು ಸರಿಯಾಗೇ ಅದೆ. ಈ ಬಾಟ್ಲಿ ನಾನು ಕುಡಿಯಾಕೆ ಮಡಗಿಲ್ಲ. ಇದು ನಮ್ಮಜ್ಜಿ ಹೊಲ ಕಣವ್ವ. ಹೊಲನ ಎತ್ಕಂಡು ಬರಕಾಯ್ತದಾ? ಅದ್ಕೆ ಇದ್ನ ತರುಸ್ಕಂಡೆ."

ಅವತ್ತು ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ಇಟಲಿಯ ಉತ್ತರಕ್ಕೆ ಒಂದರ ಪಕ್ಕ ಒಂದು ಗುಡ್ಡಗಳು, ಗುಡ್ಡದ ಮೈತುಂಬ ದ್ರಾಕ್ಷಿ. ಅಲ್ಲಿನ ಕಪ್ಪು ದ್ರಾಕ್ಷಿ ತಡವಾಗಿ ಹಣ್ಣಾಗುವಂಥದ್ದು. ಕೊಯ್ಯುವ ಹೊತ್ತಿಗೆ ಕಣಿವೆಯಲ್ಲಿ ಮಂಜು ತುಂಬಿರುತ್ತದೆ, ಆ ಹಣ್ಣಿನ ಹೆಸರಿನಲ್ಲೇ ಮಂಜು ಇದೆಯಂತೆ. ಒಂದೊಂದು ಗುಡ್ಡದಲ್ಲಿ ಒಂದೊಂದು ರುಚಿ. ಒಂದೇ ಗುಡ್ಡದಲ್ಲೂ ಬಿಸಿಲು ಬೀಳುವ ಮಗ್ಗುಲಿಗೆ ಒಂದು, ನೆರಳಿನ ಮಗ್ಗುಲಿಗೆ ಇನ್ನೊಂದು. ನಮ್ಮ ಅಣ್ಣ ಮೇಲಿನ ಹೊಲದ ಹೊಗೆಸೊಪ್ಪನ್ನೂ ಕೆರೆ ಮಗ್ಗುಲಿನ ಸೊಪ್ಪನ್ನೂ ಬೇರೆ ಬೇರೆ ಹೊರೆ ಕಟ್ಟುತ್ತಿದ್ದ. ಹಾಗಾಗಿ ಇದು ನನಗೆ ಹೊಸದೆನ್ನಿಸಲಿಲ್ಲ. ಆದರೆ ಅಲ್ಲಿ ಹಿಂದೆ ಹಾಗೆ ಬೇರೆ ಮಾಡುತ್ತಿರಲಿಲ್ಲ. ಸಾಹುಕಾರರು ಎಲ್ಲ ಗುಡ್ಡದ ಹಣ್ಣೂ ಕೊಂಡು, ಒಟ್ಟಿಗೆ ಹಿಂಡಿ, ಒಂದೇ ಹೆಸರಿನಲ್ಲಿ ಮಾರುತ್ತಿದ್ದರು. ಯಾರ ಹೊಲದ್ದು ಯಾವುದು ಅಂತ ಕುಡಿಯುವವನಿಗೆ ಗೊತ್ತಾಗುತ್ತಿರಲಿಲ್ಲ.

ಸಿಸ್ಟರಮ್ಮನ ಅಜ್ಜ ಮೊದಲನೆಯ ಮಹಾಯುದ್ಧಕ್ಕೆ ಹೋದವನು ಬರಲಿಲ್ಲ. ಅಜ್ಜಿಗೆ ಉಳಿದದ್ದು ಒಬ್ಬ ಮಗ, ಗುಡ್ಡದ ನೆತ್ತಿಗೆ ಹತ್ತಿರ ಒಂದು ತುಂಡು ಇಳಿಜಾರು ಹೊಲ. ಆ ಕಾಲಕ್ಕೆ ದ್ರಾಕ್ಷಿಗೆ ಬೇರು ತಿನ್ನುವ ಹುಳು ಬಿದ್ದು ಬಳ್ಳಿಗಳೆಲ್ಲ ಒಣಗುತ್ತಿದ್ದವು. ಮೈದುನಂದಿರು, "ನಿನ್ನ ಕೈಲಿ ಆಗುವುದಿಲ್ಲ, ನಮಗೆ ಬಿಟ್ಟುಕೊಡು" ಎಂದರು. ಅಜ್ಜಿ ಬಿಡಲಿಲ್ಲ. ಸತ್ತ ಬಳ್ಳಿಗಳನ್ನು ತಾನೇ ಕಿತ್ತಳು. ಹುಳು ಮುಟ್ಟದ ಬೇರಿನ ಮೇಲೆ ತಮ್ಮ ಹಳೆಯ ದ್ರಾಕ್ಷಿಯ ಕಡ್ಡಿ ಕಸಿ ಕಟ್ಟಿ ನೆಟ್ಟಳು. ಮಳೆಗೆ, ಹಿಮಕ್ಕೆ ಮಣ್ಣು ಕೊಚ್ಚಿ ಕೆಳಗಿಳಿಯುತ್ತಿತ್ತು. ಪ್ರತಿ ವರ್ಷವೂ ಆ ಮಣ್ಣನ್ನು ಮಂಕರಿಯಲ್ಲಿ ತುಂಬಿ ಬೆನ್ನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ಸುರಿಯುತ್ತಿದ್ದಳು.

ಬಳ್ಳಿ ಫಲ ಕೊಟ್ಟ ವರ್ಷ ಸಾಹುಕಾರ ಬಂದ. ಬೇರೆಯವರ ಹಣ್ಣಿನ ಗಾಡಿಗೇ ಸುರಿ ಎಂದ. ಅಜ್ಜಿ, "ಇದನ್ನು ಬೆರೆಸುವುದಿಲ್ಲ" ಎಂದಳಂತೆ. ಅವನು ನಕ್ಕು ಹೋದ. ಹಣ್ಣು ಕೊಳೆಯುತ್ತದಲ್ಲ ಎಂಬ ಹೆದರಿಕೆಗೆ ತಾಯಿ ಮಗ ಇಬ್ಬರೇ ಹಿಂಡಿ, ಮನೆಯ ನೆಲಮಾಳಿಗೆಯಲ್ಲಿದ್ದ ಒಂದು ಮರದ ಪೀಪಾಯಿಗೆ ತುಂಬಿದರು. ಆ ದ್ರಾಕ್ಷಾರಸ ಮೊದಮೊದಲು ಬಾಯಿಗಿಡಲು ಆಗದಷ್ಟು ಒಗರು. ವರ್ಷಗಟ್ಟಲೆ ಕಾದ ಮೇಲೆ ಊರಿನ ಪಾದ್ರಿ ಒಂದು ದಿನ ರುಚಿ ನೋಡಿ, ಇನ್ನೊಂದು ಲೋಟ ಕೇಳಿದರಂತೆ. ಒಂದೇ ಹೊಲದ ವೈನು ಅಲ್ಲಿ ಹುಟ್ಟಿದ್ದು ಹೀಗೆ. ಎಷ್ಟೋ ಕಾಲದ ನಂತರ ಸಿಸ್ಟರಮ್ಮನ ತಮ್ಮ ಅದನ್ನು ಬಾಟ್ಲಿಗೆ ತುಂಬಿ, ಬಾಟ್ಲಿಯ ಮೇಲೆ ಹೊಲದ ಹೆಸರನ್ನೇ ಹಾಕಿಸಿದ. ದೇಶದೇಶದಿಂದ ಜನ ಕಾರಿನಲ್ಲಿ ಹುಡುಕಿಕೊಂಡು ಬರುವಷ್ಟು ಅದು ಹೆಸರು ಮಾಡಿತು.

"ಏನ್ ಹೆಸ್ರು ಆ ಹೊಲ್ದುದು?" ಎಂದು ಕೇಳಿದೆ.

ಸಿಸ್ಟರಮ್ಮ ಚೀಟಿಯ ಮೇಲೆ ಬೆರಳಿಟ್ಟು ತಮ್ಮ ಭಾಷೆಯಲ್ಲಿ ಓದಿದರು. ಆಮೇಲೆ ಕನ್ನಡದಲ್ಲಿ ಹೇಳಿದರು: "ಮುಂಡೆ ಹೊಲ."

ಕಂಬಕ್ಕೆ ಒರಗಿದ್ದ ಹೆಂಗಸು ತಿರುಗಿ ನೋಡಿದಳು. ಸಿಸ್ಟರಮ್ಮನಿಗೆ ಆ ಮಾತು ನಮ್ಮಲ್ಲಿ ಎಂಥ ಬೈಗುಳ ಎಂದು ಗೊತ್ತಿತ್ತು, ಅಷ್ಟು ವರ್ಷ ನಮ್ಮ ನಡುವೆ ಬದುಕಿದವರು. ಆದರೂ ಅದನ್ನೇ ಹೇಳಿದರು. "ಊರೋರು ಅಣಕಕ್ಕೆ ಹಂಗಂದ್ರು. ನಮ್ಮಜ್ಜಿ ಅದ್ನೇ ಮಡಿಕಂಡ್ಳು," ಎಂದು ಬಾಟ್ಲಿಯನ್ನು ಶಾಲಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. "ಬೀರು ಒಣಗುದ್ಮೇಲೆ ಅಲ್ಲೇ ಮಡಗು."

ಅದಾದ ಮೇಲೆ ಕೆಲವು ದಿನ ನನಗೆ ಊಟ ಸೇರಲಿಲ್ಲ. ಆಸ್ಪತ್ರೆಗೆ ಎರಡು ಮೈಲಿ ದೂರದಲ್ಲೇ ನನ್ನ ಗಂಡನ ಊರು. ಅವನ ಪಾಲಿನ ಹೊಲವನ್ನು ಭಾವನವರೇ ಉಳುತ್ತಿದ್ದರು. ಕೇಳಬೇಕು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಒಂದು ಭಾನುವಾರ ಅಣ್ಣನನ್ನು ಕರೆದುಕೊಂಡು ಹೋದೆ. ಜಗಲಿಯ ಮೇಲೆ ಭಾವ, ಓರಗಿತ್ತಿ, ಊರಿನ ನಾಲ್ಕು ಹಿರಿಯರು.

"ಗಂಡ ಸತ್ಮೇಲೆ ನಿಂಗ್ಯಾಕೆ ಹೊಲ? ಮಕ್ಳಿದ್ದಾವಾ?" ಎಂದರು ಭಾವ.

"ನಾನಿದ್ದೀನಲ್ಲ ಭಾವ," ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

ಓರಗಿತ್ತಿ ಅಳತೊಡಗಿದಳು. ಜಗಳ ಎರಡು ಸುಗ್ಗಿ ಎಳೆದಾಡಿತು. ಕೊನೆಗೆ ಹಿರಿಯರು ಗುಡ್ಡದ ಓರೆಯಲ್ಲಿದ್ದ ಕಲ್ಲು ಹೊಲವನ್ನು ನನಗೆ ಬಿಡಿಸಿಕೊಟ್ಟರು. ಒಳ್ಳೆಯ ಕೆಮ್ಮಣ್ಣಿನ ತುಂಡು ಅವರಿಗೇ ಉಳಿಯಿತು. ನಾನು ಸಾಕು ಎಂದೆ. ಅಣ್ಣನೂ ನಾನೂ ಸೇರಿ ಕಲ್ಲು ಆರಿಸಿ ಬದು ಹಾಕಿದೆವು. ಮೊದಲ ವರ್ಷ ಹುರುಳಿ, ಆಮೇಲೆ ರಾಗಿ. ಆಸ್ಪತ್ರೆಯ ಕೆಲಸದ ನಡುವೆ ಬೆಳಿಗ್ಗೆಯೋ ಸಂಜೆಯೋ ಹೋಗಿ ಬರುತ್ತಿದ್ದೆ. ಆ ಊರಿನವರು ಅದನ್ನೂ ಮುಂಡೆ ಹೊಲ ಎಂದೇ ಕರೆದರು. ಅವರಿಗೆ ಇಟಲಿಯ ಕಥೆ ಯಾರೂ ಹೇಳಿರಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಸಿಸ್ಟರಮ್ಮನ ತಮ್ಮ ಬಂದರು. ರಾಗಿ ಕೊಯ್ಲಿನ ಕಾಲ. ಮೊಣಕಾಲು ಸೋತ ಮುದುಕ, ಕೈಯಲ್ಲಿ ಕೋಲು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಅಕ್ಕ ತಮ್ಮ ಇಬ್ಬರೂ ಎಷ್ಟೋ ವರ್ಷಗಳ ನಂತರ ಎದುರಾದವರು ಅಪ್ಪಿಕೊಳ್ಳಲೂ ಇಲ್ಲ. ಒಬ್ಬರ ಕೈ ಒಬ್ಬರು ತಿರುವಿ ತಿರುವಿ ನೋಡಿಕೊಂಡರು.

ಮಾರನೆಯ ದಿನ ನನ್ನ ಹೊಲ ನೋಡಬೇಕೆಂದರು. ಗಾಡಿಯಲ್ಲಿ ಕೂರಿಸಿಕೊಂಡು ಹೋದೆವು. ಕೂಳೆಯ ನಡುವೆ ಕಷ್ಟಪಟ್ಟು ಮಂಡಿಯೂರಿ, ಒಂದು ಹೆಂಟೆ ಪುಡಿಮಾಡಿ ಮೂಸಿ, ನಾಲಿಗೆಗೆ ತಾಗಿಸಿದರು. ಏನೋ ಹೇಳಿದರು. ಸಿಸ್ಟರಮ್ಮ ನಕ್ಕರು.

"ಏನಂತಾರೆ?" ಎಂದೆ.

"ಕಲ್ಲು ಜಾಸ್ತಿ, ಮಣ್ಣು ಬಡವಂದು. ದ್ರಾಕ್ಷಿಗೆ ಹಿಂಗೇ ಇರ್ಬೇಕು ಅಂತಾನೆ. ಸುಖ ಬಿದ್ದ ಬಳ್ಳಿ ಎಲೆ ಬುಡ್ತದೆ, ಹಣ್ ಬುಡಕಿಲ್ವಂತೆ. ಆದ್ರೆ ನಿಮ್ಮೂರಲ್ಲಿ ಚಳಿ ಸಾಲ್ದು ಅಂತಾನೆ."

ಮಧ್ಯಾಹ್ನ ನನ್ನ ತವರಿನಲ್ಲಿ ಊಟ. ಅವರೆಕಾಳು ಸಾರಿನ ಜೊತೆ ಮುದ್ದೆಯನ್ನು ರೊಟ್ಟಿಯ ಹಾಗೆ ಅಗಿದು ಅಗಿದು ತಿಂದರು. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವರೂ ನಕ್ಕರು. ಈ ಮನುಷ್ಯ ಇಷ್ಟು ದೂರ ಬಂದದ್ದು ಯಾವ ಸುದ್ದಿ ಹೇಳಲಿಕ್ಕೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಹೇಳಿದ್ದು ಅವತ್ತು ಸಂಜೆ, ಆಸ್ಪತ್ರೆಯ ವೆರಾಂಡದಲ್ಲಿ. ನಾನು ಒಣಗಿದ ಬಟ್ಟೆ ಮಡಚುತ್ತಿದ್ದೆ. ಅವರು ನೆಲ ನೋಡಿಕೊಂಡು ಮಾತಾಡುತ್ತಿದ್ದರು. ಸಿಸ್ಟರಮ್ಮ ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ಆಮೇಲೆ ಪ್ರಶ್ನೆಗಳು ನಿಂತವು. ನೋಡಿದರೆ ಸಿಸ್ಟರಮ್ಮ ಅಳುತ್ತಿದ್ದರು. ಎಷ್ಟೋ ಎಳೆ ಹೆಣಗಳನ್ನು ಬಟ್ಟೆಯಲ್ಲಿ ಸುತ್ತಿ ತಾಯಂದಿರ ಕೈಗೆ ಕೊಟ್ಟವರು, ನನ್ನ ಗಂಡನ ಕಣ್ಣು ಮುಚ್ಚಿದವರು. ಅವರು ಅತ್ತದ್ದನ್ನು ನಾನು ಅದೇ ಮೊದಲು ಕಂಡದ್ದು.

ಅವರು ಆಮೇಲೆ ನನಗೆ ಹೇಳಿದರು. ತಮ್ಮನಿಗೆ ಮಕ್ಕಳಿಲ್ಲ. ಇಳಿಜಾರು ಹತ್ತಲು ಕಾಲು ಬರುವುದಿಲ್ಲ. ದೊಡ್ಡ ಕಂಪನಿಯೊಂದು ಆ ಹೊಲ ಕೊಂಡಿದೆ. ಮಾತು ಮುಗಿದಿದೆ. ಆ ಸುದ್ದಿಯನ್ನು ಬಾಯಾರೆ ಹೇಳಲೆಂದೇ ತಮ್ಮ ಬಂದದ್ದು.

"ಹೆಸ್ರು ಹಂಗೇ ಮಡಗ್ತರಂತೆ," ಎಂದರು ಸಿಸ್ಟರಮ್ಮ. "ಆ ಹೆಸ್ರಿಗೇ ಬೆಲೆಯಂತೆ. ನಮ್ಮೂರು ಜನ್ವೇ ಈಗ ಅದ್ನ ಕೊಂಡು ಕುಡಿಯಕಾಗಕಿಲ್ವಂತೆ ಕಣವ್ವ. ಮಂಕರೀಲಿ ಮಣ್ ಹೊತ್ತಳಲ್ಲ, ಅವಳ ಮೊಮ್ಮಕ್ಳು ನಾವು, ಇನ್ಮೇಲೆ ಆ ಹೊಲಕ್ಕೆ ಕಾಲ್ ಮಡಗಬೇಕಾದ್ರೆ ಕೇಳ್ಕಂಡು ಹೋಗ್ಬೇಕು."

ನಾನು ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದೆ.

ಹೊರಡುವ ದಿನ ಸಿಸ್ಟರಮ್ಮನ ಬೀರುವಿನಲ್ಲಿದ್ದ ಬಾಟ್ಲಿ ನೋಡಿ ತಮ್ಮ ಸಿಡಿಮಿಡಿಗೊಂಡರು. ಮೇಲಿನ ಶೀಟಿನ ಮಾಡಿಗೆ ಕೈ ತೋರಿಸಿ, ಹಣೆಯ ಬೆವರು ಒರೆಸಿಕೊಂಡು ಏನೇನೋ ಅಂದರು. ಇಷ್ಟು ಸೆಕೆಯಲ್ಲಿ ಇಟ್ಟರೆ ಕೆಟ್ಟುಹೋಗುತ್ತದೆ, ಈಗಲೇ ಕುಡಿದುಬಿಡು ಎಂದು ಹೇಳಿದ್ದಂತೆ. ಸಿಸ್ಟರಮ್ಮ ತಲೆಯಾಡಿಸಿದರು. ಕುಡಿಯಲಿಲ್ಲ. "ಕುಡುದ್ರೆ ಮುಗ್ದೋಯ್ತದಲ್ಲ," ಎಂದರು ನನಗೆ.

ಊರಿಗೆ ಹೋದ ಆ ತಮ್ಮ ಮುಂದಿನ ಚಳಿಗಾಲ ದಾಟಲಿಲ್ಲ. ಸುದ್ದಿ ಫೋನಿನಲ್ಲಿ ಬಂತು. ಸಿಸ್ಟರಮ್ಮ ಅವತ್ತೂ ಮೂರು ಹೆರಿಗೆ ಮಾಡಿಸಿದರು.

ಅದಾದ ಕೆಲವು ವರ್ಷಕ್ಕೆ ಅವರಿಗೆ ಹೊಟ್ಟೆಯಲ್ಲಿ ಗಂಟು ಕಾಣಿಸಿಕೊಂಡಿತು. ಮೈಸೂರಿನ ಡಾಕ್ಟರು ಕೈ ಚೆಲ್ಲಿದರು. ಅವರ ಮಠದ ಹಿರಿಯರು, ಊರಿಗೆ ಕಳಿಸಿಕೊಡುತ್ತೇವೆ, ಅಲ್ಲಿ ನೋಡಿಕೊಳ್ಳುವವರಿದ್ದಾರೆ ಎಂದರು. "ಅಲ್ಲಿ ಯಾರವ್ರೆ?" ಎಂದು ಕೇಳಿ ಇಲ್ಲೇ ಮಲಗಿದರು. ಕೇರಳದಿಂದ ಬಂದಿದ್ದ ಇಬ್ಬರು ಎಳೆಯ ಸಿಸ್ಟರುಗಳು ಆಸ್ಪತ್ರೆ ನೋಡಿಕೊಂಡರು. ನಾನು ಸಿಸ್ಟರಮ್ಮನನ್ನು ನೋಡಿಕೊಂಡೆ.

ಒಂದು ಮಧ್ಯಾಹ್ನ, ಹೊರಗೆ ಬಿಸಿಲು ಉರಿಯುತ್ತಿತ್ತು, ಅವರು ಬೀರುವಿನ ಕಡೆ ನೋಡಿ, "ತತ್ತಾ ಅದ್ನ," ಎಂದರು.

ಯಾವುದನ್ನು ಎಂದು ಕೇಳಬೇಕಾಗಿರಲಿಲ್ಲ. ಬಾಟ್ಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕುಡಿಯುವ ವಸ್ತುವನ್ನು ಯಾರಿಗೂ ನನ್ನ ಕೈಯಾರೆ ಬಗ್ಗಿಸಿ ಕೊಡುವುದಿಲ್ಲ ಎಂದು ಗಂಡನ ಹೆಣದ ಮುಂದೆ ಆಣೆ ಇಟ್ಟವಳು ನಾನು. ಅದನ್ನು ಅವರಿಗೆ ಹೇಳಿದೆ ಕೂಡ.

"ಹಂಗಾರೆ ಬ್ಯಾಡ ಬುಡು," ಎಂದರು. ಬೇಸರದಿಂದ ಹೇಳಲಿಲ್ಲ. ಕಣ್ಣು ಮುಚ್ಚಿಕೊಂಡರು.

ಬಾಟ್ಲಿಯ ಚೀಟಿಯ ಮೇಲೆ ಬೆರಳಾಡಿಸಿದೆ. ಆಮೇಲೆ ಎದ್ದು ಹೋಗಿ ಆಪರೇಶನ್ ಕೋಣೆಯ ಚಿಮಟ ತಂದೆ. ಬಿರಡೆ ಪುಡಿಪುಡಿಯಾಗಿ ಬಂತು. ಅರ್ಧ ಒಳಗೇ ಬಿತ್ತು. ಗಾಯಕ್ಕೆ ಕಟ್ಟುವ ತೆಳು ಬಟ್ಟೆಯಲ್ಲಿ ಸೋಸಿ ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ. ಕೆಂಪು ಎಂದುಕೊಂಡಿದ್ದೆ. ಹಳೇ ಇಟ್ಟಿಗೆಯ ಬಣ್ಣವಿತ್ತು. ಒಂದು ಚಮಚ ಅವರ ತುಟಿಗಿಟ್ಟೆ.

ಬಾಯೊಳಗೇ ಇಟ್ಟುಕೊಂಡಿದ್ದರು. ನುಂಗಲು ಬಹಳ ಹೊತ್ತು ಹಿಡಿಯಿತು.

"ಕೆಟ್ಟೋಗದೆ ಕಣವ್ವ."

"ಹುಳಿಯಾ?"

"ಹುಳಿ. ನಿಮ್ ಹುಣಸೆಹಣ್ಣೇ ವಾಸಿ." ನಗಲು ಹೋದರು, ಕೆಮ್ಮು ಬಂತು. ಬೆನ್ನು ನೀವಿದೆ. ಕೆಮ್ಮು ನಿಂತ ಮೇಲೆ, "ತಡಿ, ಇನ್ನೊಂಚೂರು ಹಾಕು," ಎಂದರು.

ಎರಡನೆಯ ಚಮಚಕ್ಕೆ ಕಣ್ಣು ಮುಚ್ಚಿದರು. ಹಣೆ ಗಂಟಾಯಿತು, ಕತ್ತಲೆಯಲ್ಲಿ ಏನೋ ತಡಕುವವರ ಹಾಗೆ.

"ಅದೆ," ಎಂದರು. "ಹಿಂದ್ಗಡೆ ಒಂಚೂರು ಅದೆ. ನಮ್ಮನೆ ನೆಲಮಾಳಿಗೆ ವಾಸ್ನೆ." ಆಮೇಲೆ, "ಇಲ್ಲ. ನಂಗೇ ಹಂಗನ್ನುಸ್ತೋ ಏನೋ." ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ಒರೆಸಿದೆ.

ನಾನು ಲೋಟ ಮೂಸಿ ನೋಡಿದೆ. ನನಗೆ ಹುಳಿಯ ವಾಸನೆಯೊಂದೇ ಸಿಕ್ಕಿತು. ಕುಡಿಯಲಿಲ್ಲ, ಅವರೂ ಕುಡಿ ಎನ್ನಲಿಲ್ಲ. ಅಷ್ಟು ಜನ ಮೆಚ್ಚಿಕೊಂಡ ಆ ದ್ರಾಕ್ಷಾರಸ ಚೆನ್ನಾಗಿದ್ದಾಗ ಹೇಗಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ಮಾಡಿದವರ ಮೊಮ್ಮಗಳಿಗೂ ಕೊನೆಗೆ ಸಿಗಲಿಲ್ಲವಲ್ಲ ಎಂಬುದೇ ನನ್ನನ್ನು ಈಗಲೂ ಕೊರೆಯುತ್ತದೆ. ಉಳಿದದ್ದನ್ನು ಎಲ್ಲಿ ಚೆಲ್ಲಲಿ ಎಂದು ಕೇಳಿದೆ. "ಮೋರಿಗೆ ಹಾಕು," ಎಂದರು. ಹಾಕಿದೆ.

ವಾರ ಕಳೆದ ಮೇಲೆ ಬೆಳಗಿನ ಹೊತ್ತು ತೀರಿಕೊಂಡರು. ಆಸ್ಪತ್ರೆಯ ಹಿಂದೆಯೇ ಮಣ್ಣು ಮಾಡಿದರು. ಸುತ್ತಮುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಜನ ಬಂದರು. ಅವರ ಕೈಯಲ್ಲಿ ಹುಟ್ಟಿದವರು, ಆ ಮಕ್ಕಳ ಮಕ್ಕಳು. ನನ್ನ ಭಾವನೂ ಬಂದಿದ್ದರು. ಪಾದ್ರಿಗಳ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಜೊತೆ ಒಂದು ಹಿಡಿ ಮಣ್ಣು ಹಾಕಿದೆ. ಅವ್ವ ನನ್ನ ರಟ್ಟೆ ಹಿಡಿದುಕೊಂಡಿದ್ದಳು. "ಅತ್ತುಬುಡು ಮಗ," ಎಂದಳು. ಅಳು ಬರಲಿಲ್ಲ.

ಅವತ್ತು ಕಳೆ ಕೀಳಲು ಹೆಂಗಸರಿಗೆ ಮೊದಲೇ ಹೇಳಿದ್ದೆ. ನಾನು ಹೊಲಕ್ಕೆ ಹೋಗುವ ಹೊತ್ತಿಗೆ ಅವರು ಅರ್ಧ ಮುಗಿಸಿದ್ದರು. ಸೀರೆ ಎತ್ತಿಕಟ್ಟಿ ನಾನೂ ಸಾಲಿಗೆ ಕೂತೆ.

"ಯಾಕಕ್ಕ, ಇವತ್ತಾದ್ರೂ ಮನೇಲಿರ್ಬಾರ್ದಾಗಿತ್ತಾ?" ಎಂದಳು ಪಕ್ಕದವಳು.

"ಮನೇಲಿದ್ದು ಏನ್ಮಾಡ್ಲವ್ವ?" ಎಂದೆ.

ಅವಳು ತನ್ನ ಸಾಲಿನ ಜೊತೆ ನನ್ನ ಸಾಲಿನದ್ದನ್ನೂ ಒಂದಷ್ಟು ಕೀಳುತ್ತ ಮುಂದಕ್ಕೆ ಸರಿದಳು. ಆಗ ಅಳು ಬಂತು.